‘ಐ ವಿಶ್’ ಆದ ಮೇಲೆ ಯಾವ ರೂಪ? – ಇಂಗ್ಲಿಷ್ ಪ್ರಶ್ನೋತ್ತರ

‘ವಿಶ್’ ಮತ್ತು ‘ಇಫ್’ ವಾಕ್ಯಗಳ ಬಗ್ಗೆ, ಹಾಗೆಯೇ ‘ಈಡಿ’ ಹತ್ತದ ಅನಿಯಮಿತ ಕ್ರಿಯಾಪದಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನೋಡಲು ಎರಡು ಬೇರೆ ಪಾಠ. ಆದರೆ ‘ವಿಶ್’ ವಾಕ್ಯದ ನಿಯಮ ಬಾಯಿಗೆ ಬಂದವರೂ ‘ಐ ವಿಶ್ ಐ ಹ್ಯಾಡ್ ವೆಂಟ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದರಲ್ಲಿ ಅರ್ಥವಿಲ್ಲ. ಕೆಳಗಿನ ಉತ್ತರಗಳಲ್ಲಿ ವಿ-1 ಎಂದರೆ ‘ಗೋ’, ವಿ-2 ಎಂದರೆ ‘ವೆಂಟ್’, ವಿ-3 ಎಂದರೆ ‘ಗಾನ್’ ಎಂದು ತಿಳಿಯಿರಿ.

ಪ್ರಶ್ನೆ: ‘ಐ ವಿಶ್ ಐ ಹ್ಯಾಡ್ ಅ ಕಾರ್’ ಎಂದರೆ ‘ನನ್ನ ಹತ್ತಿರ ಈಗ ಒಂದು ಕಾರ್ ಇದ್ದಿದ್ದರೆ ಚೆನ್ನಾಗಿತ್ತು’ ಎಂದು ಅರ್ಥವಂತೆ. ಮಾತು ಈಗಿನದು, ಕ್ರಿಯಾಪದ ಮಾತ್ರ ಭೂತಕಾಲದ್ದು. ‘ಹ್ಯಾವ್’ ಎಂದರೆ ಏನು ತಪ್ಪು?

ಉತ್ತರ: ವಿ-2 ರೂಪಕ್ಕೆ ಇಂಗ್ಲಿಷಿನಲ್ಲಿ ಎರಡು ಕೆಲಸಗಳಿವೆ. ‘ನಿನ್ನೆ ನಡೆದದ್ದು’ ಎಂದು ಹೇಳುವುದು ಒಂದು. ‘ಇದು ನಿಜವಲ್ಲ, ಬರೀ ಕಲ್ಪನೆ’ ಎಂದು ಹೇಳುವುದು ಇನ್ನೊಂದು. ಶಾಲೆಯಲ್ಲಿ ಮೊದಲನೆಯದನ್ನು ಮಾತ್ರ ಕಲಿಸಿ ಬಿಡುವುದರಿಂದ ಎರಡನೆಯದು ಎದುರಾದಾಗ ವಿಚಿತ್ರ ಅನ್ನಿಸುತ್ತದೆ. ‘ಹ್ಯಾಡ್ ಅ ಕಾರ್’ ಎನ್ನುವಾಗ ‘ಹ್ಯಾಡ್’ ಕಾಲವನ್ನು ಹೇಳುತ್ತಿಲ್ಲ, ಕಾರ್ ಇಲ್ಲ ಎನ್ನುವುದನ್ನು ಹೇಳುತ್ತಿದೆ.

ನಮಗೆ ಇದು ಅಪರಿಚಿತವೇನಲ್ಲ. ‘ನಾಳೆ ಅವನು ಬಂದರೆ’ ಎನ್ನುತ್ತೇವೆ. ಮಾತು ನಾಳೆಯದು, ಆದರೆ ‘ಬಂದರೆ’ಯೊಳಗೆ ಕೂತಿರುವುದು ‘ಬಂದ’. ‘ಕೊಟ್ಟರೆ’ಯೊಳಗೆ ‘ಕೊಟ್ಟ’, ‘ಹೋದರೆ’ಯೊಳಗೆ ‘ಹೋದ’. ನಮ್ಮ ‘ರೆ’ ಸೇರುವುದೇ ಭೂತಕಾಲದ ರೂಪಕ್ಕೆ. ದಿನವಿಡೀ ಹೀಗೆ ಮಾತಾಡುವವರಿಗೆ ‘ಹ್ಯಾಡ್’ ಕಷ್ಟವಾಗಬೇಕಿಲ್ಲ.

ವಾಕ್ಯ ಕಟ್ಟುವಾಗ ನೇರವಾಗಿ ‘ಐ ವಿಶ್’ನಿಂದ ಆರಂಭಿಸಬೇಡಿ. ಮೊದಲು ಇರುವ ಸಂಗತಿಯನ್ನು ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಅದನ್ನು ತಿರುವಿ ಹಾಕಿ, ಅಂದರೆ ‘ಇಲ್ಲ’ ಇದ್ದರೆ ‘ಇದೆ’ ಮಾಡಿ, ‘ಇದೆ’ ಇದ್ದರೆ ‘ಇಲ್ಲ’ ಮಾಡಿ. ಕೊನೆಗೆ ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ.

ಸಂಗತಿ: ‘ಐ ಡೋಂಟ್ ನೋ ಹರ್ ನಂಬರ್.’ ತಿರುವಿದರೆ ‘ಐ ನೋ ಹರ್ ನಂಬರ್’. ಹಿಂದಕ್ಕೆ ಸರಿಸಿದರೆ ‘ಐ ವಿಶ್ ಐ ನ್ಯೂ ಹರ್ ನಂಬರ್’.

ಸಂಗತಿ: ‘ಇಟ್ ಈಸ್ ರೇನಿಂಗ್.’ ಆಸೆ: ‘ಐ ವಿಶ್ ಇಟ್ ವರ್‌ನ್ಟ್ ರೇನಿಂಗ್.’

ಸಂಗತಿ: ‘ಐ ಕಾಂಟ್ ಸ್ವಿಮ್.’ ಆಸೆ: ‘ಐ ವಿಶ್ ಐ ಕುಡ್ ಸ್ವಿಮ್.’ ಇಲ್ಲಿ ‘ಕ್ಯಾನ್’ ಹಿಂದೆ ಸರಿದು ‘ಕುಡ್’ ಆಯಿತು, ‘ಸ್ವಿಮ್’ ಇದ್ದಂತೆಯೇ ಉಳಿಯಿತು. ಇದನ್ನೂ ‘ಸ್ವ್ಯಾಮ್’ ಮಾಡುವವರಿದ್ದಾರೆ. ಹಿಂದೆ ಸರಿಯುವುದು ವಾಕ್ಯದ ಮೊದಲ ಕ್ರಿಯಾಪದ ಮಾತ್ರ.

ಸಂಗತಿ: ‘ಐ ಏಟ್ ಟೂ ಮಚ್.’ ಇದು ಆಗಲೇ ಭೂತಕಾಲದಲ್ಲಿದೆ. ಇನ್ನೂ ಹಿಂದೆ ಸರಿದರೆ ‘ಹ್ಯಾಡ್’ ಮತ್ತು ವಿ-3: ‘ಐ ವಿಶ್ ಐ ಹ್ಯಾಡ್‌ನ್ಟ್ ಈಟನ್ ಸೋ ಮಚ್.’

ಹೆಚ್ಚು ಜನ ಎಡವುವುದು ತಿರುವಿ ಹಾಕುವ ಹಂತದಲ್ಲಿ. ಮನಸ್ಸಿನಲ್ಲಿ ‘ಕಾರ್ ಇಲ್ವಲ್ಲ’ ಎನ್ನುವ ಕೊರಗು ಇರುವುದರಿಂದ ಆ ‘ಇಲ್ಲ’ ಹಾಗೇ ಇಳಿದುಬಂದು ‘ಐ ವಿಶ್ ಐ ಡಿಡ್‌ನ್ಟ್ ಹ್ಯಾವ್ ಅ ಕಾರ್’ ಆಗಿಬಿಡುತ್ತದೆ. ಕೇಳಿದವರಿಗೆ ನಿಮ್ಮ ಬಳಿ ಕಾರ್ ಇದೆ, ಅದು ನಿಮಗೆ ಬೇಡವಾಗಿದೆ ಎಂದು ಅರ್ಥವಾಗುತ್ತದೆ.

ಪ್ರಶ್ನೆ: ಉದ್ಯೋಗಕ್ಕೆ ಬರೆದ ಅರ್ಜಿಯ ಕೊನೆಯಲ್ಲಿ ‘ಐ ವಿಶ್ ಐ ವಿಲ್ ಗೆಟ್ ದಿಸ್ ಜಾಬ್’ ಎಂದು ಹಾಕಿದ್ದೆ. ಗೆಳತಿ ತಪ್ಪು ಎಂದಳು, ಕಾರಣ ಅವಳಿಗೂ ಗೊತ್ತಿಲ್ಲ.

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಅಲ್ಲಿ ಬೇಕಾಗಿದ್ದದ್ದು ‘ಹೋಪ್’. ಆಗುವ ಸಾಧ್ಯತೆ ಇರುವುದನ್ನು ಬಯಸಿದರೆ ‘ಹೋಪ್’. ಆಗಿಲ್ಲ, ಆಗುವುದಿಲ್ಲ ಎಂದು ಗೊತ್ತಿದ್ದೂ ಬಯಸಿದರೆ ‘ವಿಶ್’. ‘ವಿಶ್’ ವಾಕ್ಯದಲ್ಲಿ ಅದರ ಹಿಂದೆಯೇ ‘ವಿಲ್’ ಬಂದರೆ ಎರಡರಲ್ಲಿ ಒಂದು ತಪ್ಪು ಎಂದೇ ಲೆಕ್ಕ.

ಕನ್ನಡದಲ್ಲಿ ಹೇಳಿ ನೋಡಿ. ವಾಕ್ಯ ‘ಲಿ’ಯಲ್ಲಿ ಮುಗಿದರೆ – ಸಿಗಲಿ, ಬರಲಿ, ಪಾಸಾಗಲಿ – ಇಂಗ್ಲಿಷಿಗೆ ‘ಹೋಪ್’ ಹಾಕಿ: ‘ಐ ಹೋಪ್ ಐ ಗೆಟ್ ದ ಜಾಬ್’, ‘ಐ ಹೋಪ್ ಹಿ ಕಮ್ಸ್’. ‘ಇದ್ದಿದ್ದರೆ ಚೆನ್ನಾಗಿತ್ತು’, ‘ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು’ ಎಂದು ಮುಗಿದರೆ ‘ವಿಶ್’. ‘ಹೋಪ್’ ಆದ ಮೇಲೆ ಮುಂದಿನ ಮಾತಿಗೂ ಸರಳ ವರ್ತಮಾನ ರೂಪ ಸಾಕು. ‘ವಿಲ್’ ಹಾಕಿದರೂ ತಪ್ಪಿಲ್ಲ.

‘ವಿಶ್’ಗೆ ಇನ್ನೆರಡು ಬಳಕೆಗಳಿವೆ, ಅವುಗಳಿಂದಲೇ ಈ ಗೊಂದಲ. ಶುಭ ಕೋರುವಾಗ ‘ವಿಶ್’ ಆದ ಮೇಲೆ ವ್ಯಕ್ತಿ, ಆಮೇಲೆ ನಾಮಪದ: ‘ಐ ವಿಶ್ ಯು ಸಕ್ಸೆಸ್’, ‘ಐ ವಿಶ್ ಯು ಅ ಸ್ಪೀಡಿ ರಿಕವರಿ’. ‘ಐ ವಿಶ್ ಯು ವಿಲ್ ಗೆಟ್ ವೆಲ್’ ಅಲ್ಲ. ಇನ್ನು ಕಚೇರಿ ಪತ್ರದಲ್ಲಿ ‘ವಿಶ್ ಟು’ ಎಂದರೆ ‘ಬಯಸುತ್ತೇನೆ’: ‘ಐ ವಿಶ್ ಟು ಅಪ್ಲೈ ಫಾರ್ ದ ಪೋಸ್ಟ್’. ಇದು ಸರಿಯಾದ ವಾಕ್ಯ, ಆದರೆ ಬಲು ಔಪಚಾರಿಕ. ಅರ್ಜಿಗೆ ‘ಐ ವುಡ್ ಲೈಕ್ ಟು ಅಪ್ಲೈ’ ಹೆಚ್ಚು ಸಹಜ.

ಪ್ರಶ್ನೆ: ‘ಇಫ್’ ವಾಕ್ಯದಲ್ಲಿ ಯಾವಾಗ ‘ವಿಲ್’, ಯಾವಾಗ ‘ವುಡ್’, ಯಾವಾಗ ‘ವುಡ್ ಹ್ಯಾವ್’? ಫಸ್ಟ್, ಸೆಕೆಂಡ್, ಥರ್ಡ್ ಎಂದು ನಿಯಮ ಓದಿದ್ದೇನೆ. ಬರೆಯಲು ಕೂತಾಗ ಯಾವುದು ಎಲ್ಲಿಗೆ ಎಂದೇ ತೋಚುವುದಿಲ್ಲ.

ಉತ್ತರ: ನಂಬರ್‌ಗಳನ್ನು ಸದ್ಯಕ್ಕೆ ಮರೆತುಬಿಡಿ. ನೀವು ಯೋಚಿಸುವುದು ಕನ್ನಡದಲ್ಲಿ ತಾನೇ, ಹಾಗಾದರೆ ಕನ್ನಡ ವಾಕ್ಯದ ಬಾಲವನ್ನು ನೋಡಿ. ‘ರೆ’ ಇರುವ ಮೊದಲ ಭಾಗ ಅಷ್ಟಾಗಿ ಸುಳಿವು ಕೊಡುವುದಿಲ್ಲ, ಎರಡನೆಯ ಭಾಗದ ಕ್ರಿಯಾಪದ ಕೊಡುತ್ತದೆ.

‘ದುಡ್ಡಿದ್ದರೆ ಕೊಡುತ್ತೇನೆ.’ ಬಾಲದಲ್ಲಿ ‘ಉತ್ತೇನೆ’. ದುಡ್ಡು ಇರಲೂಬಹುದು, ನೋಡಬೇಕು. ಇಂಗ್ಲಿಷಿಗೆ ‘ವಿಲ್’: ‘ಇಫ್ ಐ ಹ್ಯಾವ್ ಮನಿ, ಐ ವಿಲ್ ಗಿವ್ ಇಟ್.’

‘ದುಡ್ಡಿದ್ದರೆ ಕೊಡುತ್ತಿದ್ದೆ.’ ಮೊದಲ ಭಾಗ ಅಕ್ಷರವೂ ಬದಲಾಗಿಲ್ಲ. ಬಾಲ ‘ಉತ್ತಿದ್ದೆ’ ಆಯಿತು, ಅಷ್ಟರಿಂದಲೇ ದುಡ್ಡಿಲ್ಲ ಎಂದು ಗೊತ್ತಾಯಿತು. ಇಂಗ್ಲಿಷಿಗೆ ‘ವುಡ್’, ಮತ್ತು ‘ಇಫ್’ ಭಾಗದಲ್ಲಿ ವಿ-2: ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್ ಇಟ್.’

ಇಲ್ಲಿಯವರೆಗೆ ಕನ್ನಡ ಕೈಹಿಡಿಯುತ್ತದೆ. ಮುಂದಿನ ಹೆಜ್ಜೆಯಲ್ಲಿ ಕೈಬಿಡುತ್ತದೆ. ‘ದುಡ್ಡಿದ್ದಿದ್ದರೆ ಕೊಡುತ್ತಿದ್ದೆ’ ಎನ್ನುವುದು ಇವತ್ತಿನ ಮಾತೂ ಆಗಬಹುದು, ಕಳೆದ ವರ್ಷದ ಮಾತೂ ಆಗಬಹುದು. ನಾವು ಸಂದರ್ಭದಿಂದ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ, ‘ಈಗಲೋ ಆಗಲೋ’ ಎಂದು ಕ್ರಿಯಾಪದದಲ್ಲೇ ಹೇಳಬೇಕು. ಈಗಿನದಾದರೆ ಮೇಲಿನ ವಾಕ್ಯವೇ. ಆಗಿನದಾದರೆ ‘ಇಫ್’ ಭಾಗಕ್ಕೆ ‘ಹ್ಯಾಡ್’ ಮತ್ತು ವಿ-3, ಮುಖ್ಯ ಭಾಗಕ್ಕೆ ‘ವುಡ್ ಹ್ಯಾವ್’ ಮತ್ತು ವಿ-3: ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್.’ ಎರಡು ‘ಹ್ಯಾಡ್’ ನೋಡಿ ಗಾಬರಿಯಾಗಬೇಡಿ, ಅಚ್ಚಿನ ತಪ್ಪಲ್ಲ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ‘ಹ್ಯಾವ್’ನ ವಿ-3.

ಎರಡು ಭಾಗಗಳ ಕಾಲ ಬೇರೆ ಬೇರೆಯಾಗಿದ್ದರೆ ಆಯಾ ಭಾಗಕ್ಕೆ ಆಯಾ ರೂಪ ಕೊಡಿ. ಔಷಧಿ ತೆಗೆದುಕೊಳ್ಳದೇ ಇದ್ದದ್ದು ಆಗ, ಮಲಗಿರುವುದು ಈಗ: ‘ಇಫ್ ಐ ಹ್ಯಾಡ್ ಟೇಕನ್ ದ ಮೆಡಿಸಿನ್, ಐ ವುಡ್ ಬಿ ವೆಲ್ ನೌ.’ ಪಾಠದಲ್ಲಿ ಮೂರು ಬಗೆ ಮಾತ್ರ ಓದಿದವರು ಇಂಥ ಮಿಶ್ರ ವಾಕ್ಯವನ್ನು ತಪ್ಪು ಎಂದುಕೊಳ್ಳುತ್ತಾರೆ. ಇದು ಪೂರ್ತಿ ಸರಿ, ಬಳಕೆಯಲ್ಲೂ ಧಾರಾಳವಾಗಿದೆ.

ಪ್ರಶ್ನೆ: ‘ಇಫ್ ಯು ವುಡ್ ಹ್ಯಾವ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್’ – ಇದನ್ನು ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲೂ ಕೇಳಿದ್ದೇನೆ. ಸರಿಯೇ?

ಉತ್ತರ: ಮಾತಿನಲ್ಲಿ, ಅದರಲ್ಲೂ ಅಮೆರಿಕದ ಆಡುಮಾತಿನಲ್ಲಿ, ಕೇಳಿಬರುತ್ತದೆ. ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ ತಪ್ಪು ಎಂದೇ ಎಣಿಸುತ್ತಾರೆ. ‘ಇಫ್ ಯು ಹ್ಯಾಡ್ ಟೋಲ್ಡ್ ಮಿ’ ಎಂದು ಬರೆಯಿರಿ. ‘ವಿಶ್’ಗೂ ಇದೇ ಮಾತು: ‘ಐ ವಿಶ್ ಯು ಹ್ಯಾಡ್ ಟೋಲ್ಡ್ ಮಿ’, ‘ವುಡ್ ಹ್ಯಾವ್ ಟೋಲ್ಡ್’ ಅಲ್ಲ.

ಈ ತಪ್ಪು ಹುಟ್ಟುವುದಕ್ಕೆ ಒಂದು ಕಾರಣ ಕಿವಿ. ವೇಗದ ಮಾತಿನಲ್ಲಿ ‘ಐ ಹ್ಯಾಡ್’ ಕೂಡ ‘ಐಡ್’, ‘ಐ ವುಡ್’ ಕೂಡ ‘ಐಡ್’. ಯಾವುದೆಂದು ತಿಳಿಯಲು ಅದರ ಮುಂದಿನ ಪದ ನೋಡಿ. ವಿ-3 ಇದ್ದರೆ ‘ಹ್ಯಾಡ್’, ವಿ-1 ಇದ್ದರೆ ‘ವುಡ್’. ‘ಐಡ್ ಸೀನ್’ ಎಂದರೆ ಹ್ಯಾಡ್, ‘ಐಡ್ ಸೀ’ ಎಂದರೆ ವುಡ್. ‘ಬೆಟರ್’ ಬಂದರೆ ಯಾವಾಗಲೂ ಹ್ಯಾಡ್, ‘ರಾದರ್’ ಬಂದರೆ ವುಡ್. ‘ಪುಟ್’, ‘ಕಟ್’, ‘ಕಮ್’ಗಳಂತೆ ವಿ-1 ಮತ್ತು ವಿ-3 ಒಂದೇ ಆಗಿದ್ದಲ್ಲಿ ಮಾತ್ರ ಸಂದರ್ಭವೇ ಗತಿ.

ಪ್ರಶ್ನೆ: ‘ಐ ವಿಶ್ ಐ ವಾಸ್ ಟಾಲರ್’ ಸರಿಯೋ, ‘ಐ ವಿಶ್ ಐ ವರ್ ಟಾಲರ್’ ಸರಿಯೋ?

ಉತ್ತರ: ಬರೆಯುವಾಗ ‘ವರ್’, ಮಾತಾಡುವಾಗ ಯಾವುದಾದರೂ ಸರಿ. ಕಲ್ಪನೆಯ ಮಾತಿಗೆ ಹಿಂದೆ ಇಂಗ್ಲಿಷಿನಲ್ಲಿ ಪ್ರತ್ಯೇಕ ಕ್ರಿಯಾರೂಪಗಳಿದ್ದವು. ಈಗ ಬೇರೆ ಎಂದು ಕಣ್ಣಿಗೆ ಕಾಣುವಂತೆ ಉಳಿದಿರುವುದರಲ್ಲಿ ಐ, ಹಿ, ಶಿ, ಇಟ್‌ಗಳ ಜೊತೆ ಬರುವ ಈ ‘ವರ್’ ಮುಖ್ಯವಾದದ್ದು. ‘ಇಫ್ ಐ ವರ್ ಯು’ ಎನ್ನುವುದು ಮಾತ್ರ ಅಚ್ಚೊತ್ತಿದ ನುಡಿಗಟ್ಟು, ಅಲ್ಲಿ ‘ವರ್’ ಬಿಡಬೇಡಿ.

ಪ್ರಶ್ನೆ: ‘ಐ ವಿಶ್ ಐ ವುಡ್ ಗೆಟ್ ಅಪ್ ಅರ್ಲಿ’ ಎಂದರೆ ಟೀಚರ್ ಕೆಂಪು ಗೆರೆ ಎಳೆದರು. ‘ಐ ವಿಶ್ ಹಿ ವುಡ್ ಗೆಟ್ ಅಪ್ ಅರ್ಲಿ’ಗೆ ಟಿಕ್ ಹಾಕಿದರು. ವ್ಯತ್ಯಾಸ ಎಲ್ಲಿ?

ಉತ್ತರ: ‘ವಿಶ್’ ಆದ ಮೇಲೆ ಬರುವ ‘ವುಡ್’ನಲ್ಲಿ ‘ಮನಸ್ಸು ಮಾಡಬಾರದೇ’ ಎನ್ನುವ ದೂರು ಇರುತ್ತದೆ. ‘ಐ ವಿಶ್ ಹಿ ವುಡ್ ಸ್ಟಾಪ್ ಶೌಟಿಂಗ್’ ಎಂದರೆ ಅವನು ಕೂಗುತ್ತಲೇ ಇದ್ದಾನೆ, ನಿಲ್ಲಿಸುವುದು ಅವನ ಕೈಯಲ್ಲಿದೆ, ನಿಲ್ಲಿಸುತ್ತಿಲ್ಲ. ನಿಮ್ಮ ಮನಸ್ಸು ನಿಮ್ಮ ಕೈಯಲ್ಲೇ ಇರುವಾಗ ನಿಮ್ಮ ಮೇಲೆ ನೀವೇ ಹೀಗೆ ದೂರು ಹೇಳುವಂತಿಲ್ಲ. ಅದಕ್ಕೇ ‘ಐ ವಿಶ್ ಐ ವುಡ್’ ನಿಲ್ಲುವುದಿಲ್ಲ. ‘ಐ ವಿಶ್ ಐ ಕುಡ್ ಗೆಟ್ ಅಪ್ ಅರ್ಲಿ’ ಎಂದರೆ ಆಗುತ್ತಿಲ್ಲ ಎಂದು, ‘ಐ ವಿಶ್ ಐ ಗಾಟ್ ಅಪ್ ಅರ್ಲಿ’ ಎಂದರೆ ಆ ಅಭ್ಯಾಸ ಇಲ್ಲ ಎಂದು. ಎರಡೂ ಸರಿ.

ಮಳೆ, ಬಸ್ಸು, ಯಂತ್ರಗಳಂಥ ಜಡ ವಸ್ತುಗಳಿಗೂ ‘ವುಡ್’ ಬರುತ್ತದೆ: ‘ಐ ವಿಶ್ ಇಟ್ ವುಡ್ ಸ್ಟಾಪ್ ರೇನಿಂಗ್’. ಆದರೆ ಏನಾದರೂ ಬದಲಾಗಲಿ, ನಡೆಯಲಿ ಎನ್ನುವ ಕ್ರಿಯೆ ಅಲ್ಲಿರಬೇಕು. ಬರೀ ಇರುವಿಕೆಯ ಮಾತಾದರೆ ವಿ-2: ‘ಐ ವಿಶ್ ಇಟ್ ವರ್ ಸಂಡೇ’, ‘ವುಡ್ ಬಿ ಸಂಡೇ’ ಅಲ್ಲ. ಎದುರಿಗಿರುವವರಿಗೆ ‘ಐ ವಿಶ್ ಯು ವುಡ್’ ಎಂದರೆ ಕೋರಿಕೆಗಿಂತ ಸಿಟ್ಟೇ ಹೆಚ್ಚು ಕೇಳಿಸುತ್ತದೆ. ಹಿರಿಯರಿಗೆ, ಮೇಲಧಿಕಾರಿಗಳಿಗೆ ಹೇಳುವಾಗ ‘ಕುಡ್ ಯು’ ಒಳ್ಳೆಯದು.

ಪ್ರಶ್ನೆ: ಅನಿಯಮಿತ ಕ್ರಿಯಾಪದಗಳ ಪಟ್ಟಿಯನ್ನು ಎಷ್ಟು ಸಲ ಬಾಯಿಪಾಠ ಮಾಡಿದರೂ ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಇವಕ್ಕೆ ನಿಯಮವೇ ಇಲ್ಲವೇ? ಇಂಗ್ಲಿಷಿನವರು ಎಲ್ಲಕ್ಕೂ ‘ಈಡಿ’ ಹಾಕಿ ಮುಗಿಸಬಾರದಿತ್ತೇ?

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸೋಣ, ಏಕೆಂದರೆ ಅದರ ಉತ್ತರದಲ್ಲಿ ಮೊದಲನೆಯದಕ್ಕೂ ದಾರಿಯಿದೆ. ‘ಈಡಿ’ ಹಾಕುವ ಕೆಲಸ ಸಾವಿರ ವರ್ಷಗಳಿಂದ ನಡೆದೇ ಇದೆ. ‘ಹೆಲ್ಪ್’ನ ಹಳೆಯ ಭೂತರೂಪ ‘ಹೋಲ್ಪ್’, ಈಗ ‘ಹೆಲ್ಪ್ಡ್’. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿಯಿತು. ಅವುಗಳಲ್ಲಿ 98 ಇಂದಿಗೂ ಅನಿಯಮಿತವಾಗಿಯೇ ಉಳಿದಿವೆ. ಹೆಚ್ಚು ಬಳಕೆಯಾಗುವ ಪದ ನಿಧಾನವಾಗಿ ಬದಲಾಗುತ್ತದೆ. ನೂರು ಪಟ್ಟು ಕಡಿಮೆ ಬಳಕೆಯ ಪದ ಹತ್ತು ಪಟ್ಟು ಬೇಗ ‘ಈಡಿ’ಗೆ ತಿರುಗುತ್ತದೆ ಎಂದು ಆ ಸಂಶೋಧಕರು ಲೆಕ್ಕ ಹಾಕಿದರು. ದಿನಕ್ಕೆ ನೂರಾರು ಸಲ ಕಿವಿಗೆ ಬೀಳುವ ‘ವೆಂಟ್’ ಅನ್ನು ಯಾವ ಮಗುವೂ ಮರೆಯುವುದಿಲ್ಲ, ಹಾಗಾಗಿ ಅದು ‘ಗೋಡ್’ ಆಗಲಿಲ್ಲ. ಬಿ, ಹ್ಯಾವ್, ಡು, ಸೇ, ಗೋ, ಗೆಟ್, ಮೇಕ್, ಟೇಕ್, ಸೀ, ಕಮ್ – ಬಾಯಿ ತೆರೆದರೆ ಬರುವ ಇವೆಲ್ಲ ಅನಿಯಮಿತವಾಗಿರುವುದಕ್ಕೂ ಅದೇ ಕಾರಣ. ನಮ್ಮಲ್ಲೂ ಬರು–ಬಂದ, ಏಳು–ಎದ್ದ, ನಗು–ನಕ್ಕ ಎನ್ನುವುದನ್ನು ಯಾರೂ ಪಟ್ಟಿ ಮಾಡಿ ಕಲಿಯಲಿಲ್ಲ.

ಇದರಿಂದ ನಿಮಗೆ ಎರಡು ಲಾಭ. ಒಂದು, ಇನ್ನೂರು ಪದಗಳ ಪಟ್ಟಿಯನ್ನು ಒಂದೇ ಸಲಕ್ಕೆ ತಲೆಗೆ ತುಂಬಬೇಕಿಲ್ಲ. ಹೆಚ್ಚು ಬಳಕೆಯ ಐವತ್ತು ಗಟ್ಟಿಯಾದರೆ ದಿನದ ಓದು ಬರಹ ಸಾಗುತ್ತದೆ. ಎರಡು, ಅಕಾರಾದಿ ಪಟ್ಟಿಯನ್ನು ಬದಿಗಿಡಿ. ‘ಬಿಗಿನ್’ ಆದ ಮೇಲೆ ‘ಬೆಂಡ್’, ಆಮೇಲೆ ‘ಬೆಟ್’ – ಒಂದಕ್ಕೊಂದು ಸಂಬಂಧವಿಲ್ಲದ್ದನ್ನು ಮನಸ್ಸು ಹಿಡಿದಿಡುವುದಿಲ್ಲ. ದನಿಯ ಪ್ರಕಾರ ಗುಂಪು ಮಾಡಿ.

ಏನೂ ಬದಲಾಗದವು ಎಲ್ಲಕ್ಕಿಂತ ಸುಲಭ: ಕಟ್, ಪುಟ್, ಹಿಟ್, ಸೆಟ್, ಲೆಟ್, ಶಟ್, ಕಾಸ್ಟ್, ಹರ್ಟ್, ಸ್ಪ್ರೆಡ್, ಬರ್ಸ್ಟ್. ಎಲ್ಲವೂ ‘ಟಿ’ ಅಥವಾ ‘ಡಿ’ಯಲ್ಲಿ ಮುಗಿಯುತ್ತವೆ ಎನ್ನುವುದನ್ನು ಗಮನಿಸಿ. ‘ಡಿ’ ತೆಗೆದು ‘ಟಿ’ ಇಡುವ ಗುಂಪು: ಸೆಂಡ್–ಸೆಂಟ್, ಲೆಂಡ್–ಲೆಂಟ್, ಸ್ಪೆಂಡ್–ಸ್ಪೆಂಟ್, ಬಿಲ್ಡ್–ಬಿಲ್ಟ್. ‘ವೆಂಟ್’ ಕೂಡ ಮೂಲದಲ್ಲಿ ಈ ಮನೆಯದೇ. ಅದು ‘ವೆಂಡ್’ ಎನ್ನುವ ಬೇರೊಂದು ಕ್ರಿಯಾಪದದ ಭೂತರೂಪವಾಗಿದ್ದು ಆಮೇಲೆ ‘ಗೋ’ಗೆ ಬಂದು ಸೇರಿತು. ದೀರ್ಘ ಸ್ವರ ಹ್ರಸ್ವವಾಗುವ ಗುಂಪು: ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಫೀಲ್–ಫೆಲ್ಟ್, ಲೀವ್–ಲೆಫ್ಟ್, ಮೀನ್–ಮೆಂಟ್. ಮೂರು ಸ್ವರಗಳ ಗುಂಪು: ಸಿಂಗ್–ಸ್ಯಾಂಗ್–ಸಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್, ಸ್ವಿಮ್–ಸ್ವ್ಯಾಮ್–ಸ್ವಮ್, ಬಿಗಿನ್–ಬಿಗ್ಯಾನ್–ಬಿಗನ್. ‘ನ್’ ಬಾಲದ ಗುಂಪು: ಬ್ರೇಕ್–ಬ್ರೋಕ್–ಬ್ರೋಕನ್, ಸ್ಪೀಕ್–ಸ್ಪೋಕ್–ಸ್ಪೋಕನ್, ಡ್ರೈವ್–ಡ್ರೋವ್–ಡ್ರಿವನ್, ರೈಟ್–ರೋಟ್–ರಿಟನ್. ಈ ಕೊನೆಯದರ ಸ್ಪೆಲಿಂಗ್‌ನಲ್ಲಿ ‘ರೈಟಿಂಗ್’ಗೆ ಒಂದೇ ‘ಟಿ’, ‘ರಿಟನ್’ಗೆ ಎರಡು.

ಗುಂಪು ಮಾಡಿದ ಮೇಲೆ ಒಂದು ಅಪಾಯ ಉಳಿಯುತ್ತದೆ. ಪ್ರಾಸ ಹೊಂದುವುದೆಲ್ಲ ಒಂದೇ ಗುಂಪಿಗೆ ಸೇರುವುದಿಲ್ಲ. ರಿಂಗ್–ರ್‍ಯಾಂಗ್, ಆದರೆ ಬ್ರಿಂಗ್–ಬ್ರಾಟ್, ಕ್ಲಿಂಗ್–ಕ್ಲಂಗ್. ಟೀಚ್–ಟಾಟ್, ಆದರೆ ರೀಚ್–ರೀಚ್ಡ್. ಟೇಕ್–ಟುಕ್, ಮೇಕ್–ಮೇಡ್, ಬೇಕ್–ಬೇಕ್ಡ್. ಬ್ಲೋ–ಬ್ಲೂ, ಫ್ಲೋ–ಫ್ಲೋಡ್. ಇಂಥ ಜೋಡಿಗಳನ್ನು ಗುಂಪಿನ ಪಕ್ಕದಲ್ಲೇ ಬೇರೆ ಶಾಯಿಯಲ್ಲಿ ಬರೆದಿಡಿ. ‘ಬೈ’ ಮತ್ತು ‘ಬ್ರಿಂಗ್’ ಕಲಸಿಹೋದರೆ ‘ಆರ್’ ಅಕ್ಷರವನ್ನು ಹಿಡಿಯಿರಿ: ಬ್ರಿಂಗ್‌ನಲ್ಲಿ ‘ಆರ್’ ಇದೆ, ಬ್ರಾಟ್‌ನಲ್ಲೂ ಇದೆ. ಬೈನಲ್ಲಿ ಇಲ್ಲ, ಬಾಟ್‌ನಲ್ಲೂ ಇಲ್ಲ.

ಅಭ್ಯಾಸಕ್ಕೆ ಪದಗಳನ್ನು ಒಂಟಿಯಾಗಿ ಪಠಿಸುವುದನ್ನು ಬಿಟ್ಟು ಪ್ರತಿ ಕ್ರಿಯಾಪದವನ್ನೂ ಮೂರು ವಾಕ್ಯದಲ್ಲಿ ಹೇಳಿ: ‘ಐ ರೈಟ್ ಎವ್ರಿ ಡೇ. ಐ ರೋಟ್ ಯೆಸ್ಟರ್‌ಡೇ. ಐ ವಿಶ್ ಐ ಹ್ಯಾಡ್ ರಿಟನ್.’ ದಿನಕ್ಕೆ ಐದು ಕ್ರಿಯಾಪದ ಸಾಕು, ಮೂರನೆಯ ದಿನ ಹಿಂದಿನ ಹತ್ತನ್ನು ನೋಡದೆ ಹೇಳಬೇಕು. ಹೀಗೆ ಮಾಡಿದರೆ ವಿ-2 ಒಂಟಿಯಾಗಿ ನಿಲ್ಲುತ್ತದೆ, ವಿ-3ಗೆ ಹ್ಯಾವ್ ಅಥವಾ ಹ್ಯಾಡ್ ಊರುಗೋಲು ಬೇಕು ಎನ್ನುವುದು ನಾಲಿಗೆಗೇ ಅಭ್ಯಾಸವಾಗುತ್ತದೆ. ‘ಐ ಸೀನ್ ಹಿಮ್’, ‘ಐ ಹ್ಯಾಡ್ ವೆಂಟ್’, ‘ಐ ಹ್ಯಾವ್ ಡ್ರ್ಯಾಂಕ್’ – ಈ ಮೂರೂ ವಿ-2, ವಿ-3 ಅದಲುಬದಲಾದದ್ದರಿಂದ ಬಂದ ತಪ್ಪುಗಳು.

ಪ್ರಶ್ನೆ: ‘ಡಿಡ್ ಯು ವೆಂಟ್?’ ಏಕೆ ತಪ್ಪು? ಹೋದದ್ದು ನಿನ್ನೆಯೇ ಅಲ್ಲವೇ?

ಉತ್ತರ: ನಿನ್ನೆ ಎನ್ನುವುದನ್ನು ‘ಡಿಡ್’ ಆಗಲೇ ಹೇಳಿಯಾಯಿತು. ಒಂದು ಕ್ರಿಯೆಗೆ ಭೂತಕಾಲದ ಗುರುತು ಒಂದೇ ಸಲ. ‘ಡಿಡ್ ಯು ಗೋ?’, ‘ಐ ಡಿಡ್‌ನ್ಟ್ ಗೋ’.

ಪ್ರಶ್ನೆ: ‘ಲೈ’, ‘ಲೇ’ ನನಗೆ ಇವತ್ತಿಗೂ ಬಗೆಹರಿದಿಲ್ಲ. ‘ಫಾಲ್’, ‘ಫೆಲ್’, ‘ಫೀಲ್’, ‘ಫಿಲ್’ಗಳದ್ದೂ ಅದೇ ಪಾಡು. ಬಿಡಿಸಿ ಹೇಳುವಿರಾ?

ಉತ್ತರ: ಗೊಂದಲಕ್ಕೆ ಕಾರಣ ಒಂದರ ವಿ-2 ಇನ್ನೊಂದರ ವಿ-1 ಆಗಿರುವುದು. ‘ಲೈ’ ಎಂದರೆ ಮಲಗು: ಲೈ–ಲೇ–ಲೇನ್. ‘ಲೇ’ ಎಂದರೆ ಇಡು, ಮಲಗಿಸು: ಲೇ–ಲೇಡ್–ಲೇಡ್. ಸುಳ್ಳು ಹೇಳುವ ‘ಲೈ’ಗೆ ಲೈಡ್–ಲೈಡ್. ಹಾಗಾಗಿ ‘ನಿನ್ನೆ ಹಾಸಿಗೆಯ ಮೇಲೆ ಮಲಗಿದೆ’ ಎನ್ನಲು ‘ಐ ಲೇ ಆನ್ ದ ಬೆಡ್’, ‘ಪುಸ್ತಕವನ್ನು ಮೇಜಿನ ಮೇಲಿಟ್ಟೆ’ ಎನ್ನಲು ‘ಐ ಲೇಡ್ ದ ಬುಕ್ ಆನ್ ದ ಟೇಬಲ್’. ಏನನ್ನು ಎಂದು ಕೇಳಿ ನೋಡಿ. ಉತ್ತರ ಇದ್ದರೆ ‘ಲೇ’ ಕುಟುಂಬ, ಇಲ್ಲದಿದ್ದರೆ ‘ಲೈ’ ಕುಟುಂಬ.

ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ಇನ್ನೂ ಇವೆ. ತಾನಾಗಿ ಆಗುವುದು ಒಂದು, ಇನ್ನೊಬ್ಬರು ಮಾಡಿಸುವುದು ಇನ್ನೊಂದು, ನಮ್ಮ ಏಳು–ಎಬ್ಬಿಸು, ಬೀಳು–ಬೀಳಿಸು ಇದ್ದ ಹಾಗೆ. ತಾನಾಗಿ ಏರುವುದು ರೈಸ್–ರೋಸ್–ರಿಸನ್. ಮೇಲಕ್ಕೆ ಎತ್ತುವುದು ರೇಸ್–ರೇಸ್ಡ್–ರೇಸ್ಡ್. ತಾನಾಗಿ ಬೀಳುವುದು ಫಾಲ್–ಫೆಲ್–ಫಾಲನ್. ಮರ ಕಡಿದು ಉರುಳಿಸುವುದು ಫೆಲ್–ಫೆಲ್ಡ್–ಫೆಲ್ಡ್. ‘ಫೀಲ್’ ಇವಕ್ಕೆ ಸಂಬಂಧಿಸಿದ್ದಲ್ಲ, ಫೀಲ್–ಫೆಲ್ಟ್–ಫೆಲ್ಟ್. ತುಂಬುವ ‘ಫಿಲ್’ ನಿಯಮಿತ, ಫಿಲ್ಡ್.

ಇದೇ ಸಾಲಿನಲ್ಲಿ ‘ಫೌಂಡ್’ ಕೂಡ ಇದೆ. ‘ಫೈಂಡ್’ನ ಭೂತರೂಪ ‘ಫೌಂಡ್’. ಆದರೆ ಸ್ಥಾಪಿಸು ಎನ್ನುವ ಅರ್ಥದ ‘ಫೌಂಡ್’ ಬೇರೆ, ಅದರ ಭೂತರೂಪ ‘ಫೌಂಡೆಡ್’. ಸಂಸ್ಥೆಯ ಪರಿಚಯ ಬರೆಯುವಾಗ ‘ಇಟ್ ವಾಸ್ ಫೌಂಡ್ ಇನ್ 1990’ ಎಂದು ಹಾಕಿದರೆ ಎಲ್ಲೋ ಬಿದ್ದಿದ್ದು ಸಿಕ್ಕಿತು ಎಂದಾಗುತ್ತದೆ. ‘ಹ್ಯಾಂಗ್’ಗೆ ಸಾಮಾನ್ಯವಾಗಿ ‘ಹಂಗ್’, ಗಲ್ಲಿಗೇರಿಸುವ ಅರ್ಥದಲ್ಲಿ ಮಾತ್ರ ‘ಹ್ಯಾಂಗ್ಡ್’.

ಪ್ರಶ್ನೆ: ‘ಲರ್ನ್ಟ್’ ಎಂದು ಬರೆದರೆ ಕಂಪ್ಯೂಟರ್ ಕೆಂಪು ಗೆರೆ ತೋರಿಸುತ್ತದೆ. ತಪ್ಪೇ?

ಉತ್ತರ: ತಪ್ಪಲ್ಲ. ನಿಮ್ಮ ಕಂಪ್ಯೂಟರಿನ ಭಾಷೆ ಅಮೆರಿಕನ್ ಇಂಗ್ಲಿಷ್‌ಗೆ ಹೊಂದಿಸಿರಬೇಕು. ಬ್ರಿಟಿಷ್ ಬಳಕೆಯಲ್ಲಿ ಲರ್ನ್ಟ್, ಬರ್ನ್ಟ್, ಡ್ರೆಮ್ಟ್, ಸ್ಪೆಲ್ಟ್ ಹಾಗೂ ಅವುಗಳ ‘ಈಡಿ’ ರೂಪ ಎರಡೂ ನಡೆಯುತ್ತವೆ, ಅಮೆರಿಕದಲ್ಲಿ ‘ಈಡಿ’ಯೇ ಹೆಚ್ಚು. ‘ಗೆಟ್’ನ ವಿ-3 ಬ್ರಿಟನ್ನಿನಲ್ಲಿ ‘ಗಾಟ್’, ಅಮೆರಿಕದಲ್ಲಿ ಬಹಳ ಕಡೆ ‘ಗಾಟನ್’. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಪ್ರಶ್ನೆ: ಸ್ಪೆಲಿಂಗ್‌ನಲ್ಲಿ ಹೆಚ್ಚು ಜನ ತಪ್ಪುವ ಭೂತರೂಪಗಳು ಯಾವುವು?

ಉತ್ತರ: ಮುನ್ನಡೆಸು ಎನ್ನುವ ‘ಲೀಡ್’ನ ಭೂತರೂಪ ‘ಲೆಡ್’: ಎಲ್-ಇ-ಡಿ, ನಡುವೆ ‘ಎ’ ಇಲ್ಲ. ‘ಎ’ ಹಾಕಿ ‘ಲೆಡ್’ ಎಂದು ಓದಿದರೆ ಅದು ಸೀಸ ಎಂಬ ಲೋಹ. ‘ರೀಡ್’ನಲ್ಲಿ ಇದರ ಉಲ್ಟಾ: ಅಕ್ಷರ ಬದಲಾಗುವುದಿಲ್ಲ, ಉಚ್ಚಾರಣೆ ಮಾತ್ರ ‘ರೆಡ್’ ಆಗುತ್ತದೆ. ಈ ಎರಡೂ ಅಕ್ಕಪಕ್ಕದಲ್ಲಿರುವುದೇ ತಪ್ಪಿಗೆ ಕಾರಣ. ‘ಪೇ’, ‘ಲೇ’, ‘ಸೇ’ ಮೂರಕ್ಕೂ ‘ವೈ’ ಹೋಗಿ ‘ಐಡಿ’ ಬರುತ್ತದೆ, ಆದರೆ ‘ಸೇ’ಯದ್ದನ್ನು ಮಾತ್ರ ‘ಸೆಡ್’ ಎಂದು ಉಚ್ಚರಿಸಬೇಕು. ‘ಚೂಸ್’ಗೆ ಎರಡು ‘ಓ’, ‘ಚೋಸ್’ಗೆ ಒಂದು. ಇನ್ನು ‘ವೆಲ್‌ಕಮ್’ನಲ್ಲಿ ‘ಕಮ್’ ಕಂಡು ‘ವೆಲ್‌ಕೇಮ್’ ಎನ್ನಬೇಡಿ, ಅದು ‘ವೆಲ್‌ಕಮ್ಡ್’. ‘ಬಿಕಮ್’, ‘ಓವರ್‌ಕಮ್’ಗಳು ಮಾತ್ರ ‘ಕಮ್’ನ ದಾರಿಯಲ್ಲೇ ಹೋಗುತ್ತವೆ.

ಪ್ರಶ್ನೆ: ‘ಇಟ್ಸ್ ಟೈಮ್ ವಿ ವೆಂಟ್ ಹೋಮ್’ ಎಂಬ ವಾಕ್ಯ ಓದಿದೆ. ಇನ್ನೂ ಹೊರಟಿಲ್ಲ, ‘ವೆಂಟ್’ ಹೇಗೆ?

ಉತ್ತರ: ‘ವಿಶ್’ನಲ್ಲಿ ಕಂಡ ಅದೇ ಕಲ್ಪನೆಯ ವಿ-2. ಹೊರಡಬೇಕಿತ್ತು, ಹೊರಟಿಲ್ಲ ಎಂಬ ಅರ್ಥ. ‘ಐಡ್ ರಾದರ್ ಯು ಕೇಮ್ ಟುಮಾರೋ’ ಕೂಡ ಹೀಗೆಯೇ: ನೀವು ನಾಳೆ ಬಂದರೆ ಒಳ್ಳೆಯದು ಎಂದು. ‘ಇಫ್ ಓನ್ಲಿ’ ಇವೆಲ್ಲಕ್ಕಿಂತ ತೀವ್ರ, ಪೂರ್ತಿ ವಾಕ್ಯವಾಗಿ ಒಂಟಿಯಾಗಿಯೂ ನಿಲ್ಲುತ್ತದೆ: ‘ಇಫ್ ಓನ್ಲಿ ಐ ಹ್ಯಾಡ್ ನೋನ್!’ ಇಲ್ಲಿ ‘ನೋನ್’ ಬರೆಯುವಾಗ ಮೊದಲ ‘ಕೆ’ ಮತ್ತು ನಡುವಿನ ‘ಡಬ್ಲ್ಯೂ’ ಎರಡೂ ಇರಲಿ. ‘ಇಟ್ಸ್ ಟೈಮ್’ ಮುಂದೆ ವ್ಯಕ್ತಿಯನ್ನು ಹೇಳದಿದ್ದರೆ ವಿ-2 ಬೇಡ, ‘ಇಟ್ಸ್ ಟೈಮ್ ಟು ಗೋ ಹೋಮ್’ ಎಂದರೆ ಆಯಿತು.